ಗಾಳಿ ಬೀಸಿದರೆ ಚಂದನ ಮಾಯ

ಪ್ರಶ್ನೆ: ನಮ್ಮತ್ತೆ ಹಳೇ ಡಬ್ಬಾ ಟಿವಿ ಬಿಡುವವರಲ್ಲ. ಮೊದಲು ಆಂಟೆನಾದಲ್ಲೇ ಚಂದನ ಬರುತ್ತಿತ್ತು. ಅದು ನಿಂತ ಮೇಲೆ ಡಿಡಿ ಫ್ರೀ ಡಿಶ್ ಹಾಕಿಸಿದೆವು. ಎರಡು ವರ್ಷ ಚೆನ್ನಾಗಿತ್ತು. ಈಗ ಗಾಳಿ ಬೀಸಿದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಅಂಗಡಿಯವರು ಬಾಕ್ಸ್ ಹೋಗಿದೆ, ಹೊಸದು ಹಾಕಿಸಿ ಅನ್ನುತ್ತಾರೆ. ‘ಆಂಟೆನಾನೇ ವಾಸಿಯಾಗಿತ್ತು’ ಅಂತ ಅತ್ತೆಯದು ದಿನಾ ಗೊಣಗಾಟ. ಏನು ಮಾಡಲಿ?
– ಗೃಹಿಣಿ, ತಿಪಟೂರು ತಾಲ್ಲೂಕು

ಉತ್ತರ: ಕೆಟ್ಟ ಬಾಕ್ಸು ಗಾಳಿ ಬರಲಿ ಅಂತ ಕಾಯುವುದಿಲ್ಲ ತಾಯಿ. ದುಡ್ಡು ಕೊಡುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ ಆಗ್ನೇಯಕ್ಕೆ ತಲೆ ಎತ್ತಿ ನೋಡಿ. ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ ನಮ್ಮ ಕಡೆಗೆ ಆ ದಿಕ್ಕಿನಲ್ಲಿ, ಬಹಳ ಎತ್ತರದಲ್ಲಿದೆ. ಡಿಶ್ಶು ಎದುರುಮನೆ ನೋಡುತ್ತಿರುವಂತೆ ಕಂಡರೂ ಸಿಗ್ನಲ್ ಬರುವುದು ಇನ್ನೂ ಮೇಲಿನಿಂದ. ಅಲ್ಲೊಂದು ತೆಂಗಿನ ಮರ ಇಲ್ಲದಿದ್ದರೆ ನನ್ನನ್ನು ಕೇಳಿ! ಎರಡು ವರ್ಷದಲ್ಲಿ ಮರ ಬೆಳೆದಿದೆ, ಗರಿ ಅಡ್ಡ ಬರುತ್ತಿದೆ. ತುಮಕೂರಿನ ನನ್ನ ಅಂಗಡಿಗೆ ಹೀಗೆ ಸುಮ್ನೆ ಬಂದ ಬಾಕ್ಸುಗಳು ಒಂದೆರಡಲ್ಲ.

ಅತ್ತೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆಂಟೆನಾ ಕಾಲದಲ್ಲಿ ಸಿಗ್ನಲ್ ಸೊರಗಿದರೆ ಚುಕ್ಕಿ ಬೀಳುತ್ತಿತ್ತು, ನೆರಳು ಬರುತ್ತಿತ್ತು. ಆದರೂ ವಾರ್ತೆ ಓದುವವರ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಆ ಅರೆಬರೆ ಇಲ್ಲ. ಒಂದು ಮಟ್ಟದವರೆಗೆ ಬಾಕ್ಸೇ ತಪ್ಪು ಸರಿಮಾಡಿಕೊಂಡು ಹೊಳೆಯುವ ಚಿತ್ರ ಕೊಡುತ್ತದೆ. ಅದಕ್ಕಿಂತ ಕೆಳಗಿಳಿದರೆ ಚೌಕ, ಆಮೇಲೆ ಕತ್ತಲೆ. ಹಾಗಂತ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ದೂರದರ್ಶನ ತನ್ನ ಹಳೇ ಅನಲಾಗ್ ಟವರುಗಳಲ್ಲಿ ಬಹುಪಾಲನ್ನು 2021–22ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು.

ಮರದ ತಂಟೆಗೆ ಹೋಗಬೇಡಿ. ತಿಪಟೂರಿನವರಿಗೆ ಅದನ್ನು ನಾನು ಹೇಳಬೇಕಾ! ಡಿಶ್ಶನ್ನೇ ಮಾಳಿಗೆಯ ಇನ್ನೊಂದು ಮೂಲೆಗೆ ಸರಿಸಿ. ತಿರುಗಿಸುವಾಗ ಟಿವಿಯ ಚಿತ್ರ ನೋಡಬೇಡಿ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಎರಡು ಪಟ್ಟಿ ಇರುತ್ತವೆ. ಸ್ಟ್ರೆಂತ್ ಜಾಸ್ತಿ ಇದ್ದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ, ಕ್ವಾಲಿಟಿ ಏರಬೇಕು. ಕೂದಲೆಳೆಯಷ್ಟು ತಿರುಗಿಸಿ, ಐದು ಎಣಿಸಿ, ಆಮೇಲೆ ‘ಬಂತಾ?’ ಅಂತ ಕೂಗಿ. ಬಾಕ್ಸ್ ಸಿಗ್ನಲ್ ಹಿಡಿಯಲು ಕ್ಷಣ ಹೊತ್ತು ಬೇಕು. ಅವಸರದಲ್ಲಿ ಹುಡುಗರು ಸರಿಯಾದ ಜಾಗ ದಾಟಿಯೇ ಹೋಗುತ್ತಾರೆ. ಡಿಶ್ಶಿನ ಬಳಿ ಕೇಬಲ್‌ನ ತುದಿಗೆ ತುಕ್ಕು ಹಿಡಿದಿದ್ದರೆ ಕತ್ತರಿಸಿ ಹೊಸ ಪಿನ್ ಹಾಕಿಸಿ. ಜೋರು ಮಳೆಯಲ್ಲಿ ಚಿತ್ರ ಹೋದರೆ ಮಾತ್ರ ಯಾರನ್ನೂ ಕರೆಯಬೇಡಿ, ಮಳೆ ನಿಂತ ಮೇಲೆ ತಾನೇ ಬರುತ್ತದೆ.

ಪ್ರಶ್ನೆ: ಮೊದಲು ಕೇಬಲ್ ತಂತಿ ನೇರ ಟಿವಿಗೆ ಸಿಕ್ಕಿಸುತ್ತಿದ್ದೆವು. ಬಾಕ್ಸ್ ಯಾಕೆ ಕಡ್ಡಾಯ ಮಾಡಿದರು?
– ನಿವೃತ್ತ ಶಿಕ್ಷಕ, ಕೊರಟಗೆರೆ

ಉತ್ತರ: ಮೇಷ್ಟ್ರೇ, ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್‌ನಲ್ಲೇ ಗಡುವು ಮುಗಿದಿತ್ತು. ತುಮಕೂರಿನಂಥ ಊರುಗಳಿಗೆ 2015ರ ಕೊನೆ, ಹಳ್ಳಿಗಳಿಗೆ 2017ರ ಮಾರ್ಚ್. ಒಂದು ಅನಲಾಗ್ ಚಾನೆಲ್ಲಿನ ಜಾಗದಲ್ಲಿ ಹತ್ತಾರು ಡಿಜಿಟಲ್ ಚಾನೆಲ್ ಹಿಡಿಸುತ್ತವೆ ಅನ್ನುವುದು ಎಲ್ಲರೂ ಹೇಳುವ ಕಾರಣ. ಇನ್ನೊಂದು ಕಾರಣ ಲೆಕ್ಕದ್ದು. ತಂತಿ ಎಷ್ಟು ಮನೆಗೆ ಹೋಗಿದೆ ಅಂತ ಆಪರೇಟರ್ ಹೇಳಿದ್ದೇ ಸರಿ ಅನ್ನುವ ಕಾಲ ಅದು. ಮುನ್ನೂರು ಮನೆಗೆ ಕೊಟ್ಟು ನೂರು ಅಂದರೂ ಚಾನೆಲ್‌ನವರು ನಂಬಿ, ನೂರು ಮನೆಯ ದುಡ್ಡನ್ನಷ್ಟೇ ತೆಗೆದುಕೊಳ್ಳಬೇಕಿತ್ತು. ಬಾಕ್ಸಿಗೊಂದು ನಂಬರ್ ಬಂದ ಮೇಲೆ ಪ್ರತಿ ಮನೆಯೂ ಲೆಕ್ಕಕ್ಕೆ ಸಿಕ್ಕಿತು. ನಿಮ್ಮ ಕೇಬಲ್‌ನವನ ಮುಖ ಆಗ ಸಪ್ಪಗಾಗಿತ್ತಲ್ವಾ, ಅದಕ್ಕೇ.