ದೂರದ ನಗರಕ್ಕೆ ನೀರುಣಿಸಿದ ಕಲ್ಲಿನ ಅಣೆಕಟ್ಟು

ಪ್ರಶ್ನೆ: ನಮ್ಮ ತುಂಗಭದ್ರಾ ಅಣೆಕಟ್ಟು ಕಲ್ಲು-ಗಾರೆಯದು, ಅದರ ನೀರು ಹೆಚ್ಚಾಗಿ ಹೊಲಗದ್ದೆಗಳಿಗೆ ಹೋಗುತ್ತದೆ. ದೂರದ ಒಂದು ನಗರದ ನಲ್ಲಿಗಳಿಗಾಗಿಯೇ ಕಟ್ಟಿದ ಹಳೆಯ ಕಲ್ಲಿನ ಅಣೆಕಟ್ಟು ಎಲ್ಲಿಯಾದರೂ ಇದೆಯೇ? ಅಂಥದ್ದು ತನ್ನ ಭಾರವೊಂದರಿಂದಲೇ ನಿಲ್ಲುತ್ತದೆಯೇ?
– ಓದುಗರೊಬ್ಬರು, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ಇದೆ. ವೇಲ್ಸ್ ನಾಡಿನ ವಿರ್ನ್ವಿ ಅಣೆಕಟ್ಟನ್ನು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಕುಡಿಯುವ ನೀರಿಗೆಂದೇ 1881ರಲ್ಲಿ ಆರಂಭಿಸಿ 1888ರಲ್ಲಿ ಮುಗಿಸಿದರು. ಅಲ್ಲಿಂದ ಸುಮಾರು 110 ಕಿ.ಮೀ. ದೂರದ ನಗರಕ್ಕೆ ನೀರು ಸುರಂಗ ಮತ್ತು ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ಇದಕ್ಕಾಗಿ ಲಾನ್‌ವುದಿನ್ ಎಂಬ ಹಳ್ಳಿ ಮುಳುಗಿತು. ಚರ್ಚನ್ನೂ ಮನೆಗಳನ್ನೂ ಬೇರೆಡೆ ಹೊಸದಾಗಿ ಕಟ್ಟಿಕೊಟ್ಟು, ಸಮಾಧಿಗಳಲ್ಲಿದ್ದ ಅವಶೇಷಗಳನ್ನೂ ಸ್ಥಳಾಂತರಿಸಿದರು. ಮುಳುಗಡೆ ಎಂದರೇನೆಂದು ನಿಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಸ್ವಾರಸ್ಯಕರವಾದುದು. ವಿರ್ನ್ವಿಯ ಎತ್ತರ ಸುಮಾರು 44 ಮೀಟರ್, ಬುಡದ ದಪ್ಪ ಸುಮಾರು 39 ಮೀಟರ್. ನೀರಿನ ನೂಕುಬಲವನ್ನು ಈ ಕಲ್ಲಿನ ರಾಶಿ ತನ್ನ ತೂಕದಿಂದಲೇ ತಡೆಯುತ್ತದೆ. ಆದರೆ ಬುನಾದಿಯ ಬಂಡೆಯ ಬಿರುಕುಗಳಲ್ಲಿ ನುಸುಳಿದ ನೀರು ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ಒತ್ತುವುದರಿಂದ, ನಾವು ಲೆಕ್ಕ ಹಾಕಿದ ತೂಕದಲ್ಲಿ ಒಂದು ಪಾಲು ಇದ್ದೂ ಇಲ್ಲದಂತಾಗುತ್ತದೆ. ಆ ಕಾಲದ ಬಹುಪಾಲು ಎಂಜಿನಿಯರುಗಳು ಇದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ವಿರ್ನ್ವಿಯ ಎಂಜಿನಿಯರ್ ಜಾರ್ಜ್ ಡೀಕನ್ ಮಾತ್ರ ಬುನಾದಿಯಲ್ಲಿ ಬಸಿಗಾಲುವೆಗಳನ್ನಿಟ್ಟು, ಹಾಗೆ ನುಸುಳಿದ ನೀರು ಒತ್ತಡ ಕಟ್ಟದೆ ಹೊರಗೆ ಹೋಗುವಂತೆ ಮಾಡಿದರು. 1895ರಲ್ಲಿ ಫ್ರಾನ್ಸಿನ ಬೂಜೆ ಅಣೆಕಟ್ಟು ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತ ಮೇಲೆಯೇ ಈ ಮೇಲೊತ್ತಡದ ಮಾತಿಗೆ ಎಲ್ಲೆಡೆ ಬೆಲೆ ಬಂದಿತು. ಆದ್ದರಿಂದ ಕಲ್ಲಿನ ಅಣೆಕಟ್ಟಿನ ಬಸಿಗಾಲುವೆಯಲ್ಲಿ ಒಂದಿಷ್ಟು ನೀರು ಹರಿಯುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಆ ನೀರು ಏಕಾಏಕಿ ಹೆಚ್ಚಿದರೆ, ಕದಡಿ ಬಂದರೆ ಅಥವಾ ಬಸಿಗಾಲುವೆಯೇ ಕಟ್ಟಿಕೊಂಡರೆ ಎಚ್ಚರಗೊಳ್ಳಬೇಕು.

ಇನ್ನೊಂದು ವ್ಯತ್ಯಾಸವಿದೆ. ನಮ್ಮ ಕೆರೆಗಳು ಕೋಡಿ ಬೀಳುವಂತೆ ವಿರ್ನ್ವಿಯ ಹೆಚ್ಚುವರಿ ನೀರು ಗೇಟುಗಳ ಹಂಗಿಲ್ಲದೆ ಅಣೆಕಟ್ಟಿನ ನೆತ್ತಿಯ ಮೇಲಿಂದಲೇ ಇಳಿಯುತ್ತದೆ. ತುಂಗಭದ್ರೆಯಲ್ಲಿ 33 ಕ್ರಸ್ಟ್ ಗೇಟುಗಳಿದ್ದು, 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಗೇಟಿಲ್ಲದ ಕಟ್ಟೆಯೇ ಲೇಸೆಂದು ಅನೇಕರಿಗೆ ಅನ್ನಿಸಿದ್ದರೆ ಅದು ಸಹಜವೇ. ಆದರೆ ಮಲೆನಾಡಿನ ಮಳೆಯನ್ನೆಲ್ಲ ಹೊತ್ತು ತರುವ ಹೊಳೆಯ ಪ್ರವಾಹವನ್ನು ಬಿಟ್ಟುಕೊಡುತ್ತಲೇ, ಮಳೆಗಾಲದ ಕೊನೆಯಲ್ಲಿ ಜಲಾಶಯವನ್ನು ನೆತ್ತಿಯವರೆಗೂ ತುಂಬಿಸಿಕೊಳ್ಳಬೇಕಾದಲ್ಲಿ ಗೇಟುಗಳು ಅನಿವಾರ್ಯ.