ಹಾಸ್ಯನಟಿಗೆ ರಾಷ್ಟ್ರಪ್ರಶಸ್ತಿ: ಒಂದು ಪ್ರತಿಕ್ರಿಯೆ

ಮಾನ್ಯರೇ, ನಗೆಪಾತ್ರಗಳಿಗೇ ಹೆಸರಾಗಿದ್ದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆತದ್ದು ಹೇಗೆಂದು ಕೇಳಿದ್ದೀರಿ. ನನಗೂ ಮೊದಲು ಅಚ್ಚರಿಯೇ ಆಗಿತ್ತು. ಏಕೆಂದರೆ ತೀರ್ಥಹಳ್ಳಿಯ ಟಾಕೀಸಿನಲ್ಲಿ ನಾವು ಕಂಡದ್ದು, ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿ ತೆರೆಗೆ ಬಂದೊಡನೆ, ಮಾತಿಗೂ ಮುನ್ನವೇ ನಗುತ್ತಿದ್ದ ಮುಂದಿನ ಬೆಂಚಿನವರನ್ನು ಮಾತ್ರ. ಆದರೆ ಅವರ ಬೇರು ರಂಗಭೂಮಿಯದು. ದೇವನೂರ ಮಹಾದೇವ ಅವರ ‘ಒಡಲಾಳ’ದ ರಂಗರೂಪದಲ್ಲಿ, ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ ಮುದುಕಿ ಸಾಕವ್ವನಾಗಿ ಅವರು ಹೆಸರು ಮಾಡಿದ್ದರು. ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸು’ (2008) ಚಿತ್ರದ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಆ ಪ್ರಶಸ್ತಿ ಸಂದಿತು. ಹೆರಿಗೆ ಮಾಡಿಸಿದ್ದಕ್ಕೆ ಟಿವಿಯನ್ನೇ ಉಡುಗೊರೆಯಾಗಿ ಪಡೆಯುವ ಆ ಸಿನಿಮಾ ಹುಚ್ಚಿನ ಹೆಂಗಸನ್ನು ಅಷ್ಟು ಹಗುರವಾಗಿ, ಅಷ್ಟೇ ನೋವಿನಿಂದ ತೋರಿಸಲು ನಗಿಸಿ ಪಳಗಿದ ಕಲಾವಿದೆಯೇ ಬೇಕಿತ್ತೆಂಬುದು ನನ್ನ ಅಭಿಪ್ರಾಯ.