ಹೊಸ ಲ್ಯಾಪ್‌ಟಾಪಲ್ಲಿ ಅಕ್ಷರ ಸಣ್ಣ, ದೊಡ್ಡ ಮಾಡಿದ್ರೆ ಮಸುಕು!

ಪ್ರಶ್ನೆ: ನಾನು ಬದಿಯಡ್ಕ ಹತ್ರ ಕನ್ನಡ ಮೀಡಿಯಂ ಶಾಲೆಲಿ ಟೀಚರ್. ಶಾಲೆಲಿ ಕೈಟ್‌ನವರ (ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಲಿನಕ್ಸ್, ಅಂದ್ರೆ ವಿಂಡೋಸ್ ಬದಲಿಗೆ ಹಾಕುವ ಸಿಸ್ಟಮ್, ಅಭ್ಯಾಸ ಆಗಿದೆ ಅಂತ ನನ್ನ ಹೊಸ ಲ್ಯಾಪ್‌ಟಾಪಿಗೂ ಲಿನಕ್ಸಿನದ್ದೇ ಒಂದು ರೂಪ ಉಬುಂಟು 22.04 ಹಾಕಿಸಿದೆ. ಸ್ಕ್ರೀನ್ 14 ಇಂಚು, 2880×1800. ಡಿಸ್ಪ್ಲೇ ಸ್ಕೇಲ್ (ಅಕ್ಷರ, ಐಕಾನ್ ಎಲ್ಲದರ ಗಾತ್ರ) 100% ಇಟ್ರೆ ಒತ್ತಕ್ಷರ ಕಾಣುದೇ ಇಲ್ಲ, 200% ಇಟ್ರೆ ಎಲ್ಲ ದೊಡ್ಡ ದೊಡ್ಡ. ರೆಸಲ್ಯೂಷನ್ 1920×1200ಕ್ಕೆ ಇಳಿಸಿ ನೋಡಿದೆ, ಮಸುಕಾಯ್ತು. ಪ್ರೊಜೆಕ್ಟರಿಗೆ ಹಾಕಿದ್ರಂತೂ ಇನ್ನೂ ಫಜೀತಿ. ಏನು ಮಾಡುದು?

ಉತ್ತರ: ಟೀಚರೇ, ಮೊದಲು ರೆಸಲ್ಯೂಷನ್ ವಾಪಸ್ 2880×1800 ಮಾಡಿ, ಅದನ್ನ ಮತ್ತೆ ಮುಟ್ಲೇಬೇಡಿ. ನೀವು ಇಳಿಸಿದಾಗ ಚಿತ್ರದ ಒಂದೊಂದು ಚುಕ್ಕೆಯನ್ನ ಸ್ಕ್ರೀನಿನ ಒಂದೂವರೆ ಚುಕ್ಕೆಗೆ ಹರಡ್ಬೇಕಾಗ್ತದೆ, ಅರ್ಧ ಚುಕ್ಕೆ ಅಂತ ಇರುದಿಲ್ವಲ್ಲ, ಹಾಗಾಗಿ ಅಕ್ಕಪಕ್ಕದ ಚುಕ್ಕೆಗೆ ಬಣ್ಣ ಕಲಸಿ ಹಾಕ್ತದೆ. ಇಂಗ್ಲಿಷ್ ಹೇಗೋ ಓದ್ಬಹುದು, ಆದ್ರೆ 'ಸ್ವಾತಂತ್ರ್ಯ'ದ ಕೊನೆ ಅಕ್ಷರದ ಕೆಳಗೆ ಎರಡೆರಡು ಒತ್ತು ಉಂಟಲ್ಲ, ಅದು ಇಂಕು ಹರಡಿದ ಹಾಗೆ ಒಂದೇ ಮುದ್ದೆ.

ಸೆಟ್ಟಿಂಗ್ಸ್‌ನ ಡಿಸ್ಪ್ಲೇಸ್‌ಲಿ 'ಫ್ರಾಕ್ಷನಲ್ ಸ್ಕೇಲಿಂಗ್' ಆನ್ ಮಾಡಿದ್ರೆ 100 ಮತ್ತು 200ರ ನಡುವಿನ 125, 150, 175% ಸಿಗ್ತದೆ. 150% ಇಟ್ರೆ 1920×1200ರಷ್ಟೇ ಜಾಗ ಸಿಗ್ತದೆ, ಆದ್ರೆ ಅಕ್ಷರ ಶಾರ್ಪ್ ಇರ್ತದೆ. ಒಂದೇ ಕಿರಿಕಿರಿ ಅಂದ್ರೆ ವೇಲ್ಯಾಂಡ್‌ಲಿ (ಉಬುಂಟು ಸ್ಕ್ರೀನಿಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆ) ಹಳೆ ಎಕ್ಸ್11 ವ್ಯವಸ್ಥೆಗೆ ಮಾಡಿದ ಆ್ಯಪ್‌ಗಳು ಆಗ ಮಸುಕಾಗ್ತವೆ, ಫೋಟೋ ತಿದ್ದುವ ಗಿಂಪ್ 2.10 ಹಾಗೇ.

ನನ್ನನ್ನ ಕೇಳಿದ್ರೆ ಫ್ರಾಕ್ಷನಲ್ ಆಫ್ ಮಾಡಿ ನಿಮ್ಮ ಸ್ಕ್ರೀನಿಗೆ 200% ಇಟ್ಟು, ಗ್ನೋಮ್ ಟ್ವೀಕ್ಸ್ ಅನ್ನುವ ಸೆಟ್ಟಿಂಗ್ ಆ್ಯಪ್ ಇನ್‌ಸ್ಟಾಲ್ ಮಾಡಿ ಅದರ ಫಾಂಟ್ಸ್‌ಲಿ 'ಸ್ಕೇಲಿಂಗ್ ಫ್ಯಾಕ್ಟರ್' 1.00 ಇದ್ದದ್ದನ್ನ 0.85 ಆಸುಪಾಸಿಗೆ ಇಳಿಸಿ ನೋಡಿ. ಇದು ಅಕ್ಷರ ಮಾತ್ರ ಸಣ್ಣ ಮಾಡ್ತದೆ, ಮೆನು ಪಟ್ಟಿಯೂ ಅದ್ರೊಟ್ಟಿಗೆ ಸ್ವಲ್ಪ ಕುಗ್ಗಿ ಜಾಗ ಬಿಡ್ತದೆ, ಮಸುಕಿನ ತಲೆಬಿಸಿ ಇಲ್ಲ. ಉಲ್ಟಾ ಮಾಡ್ಬೇಡಿ ಮಾತ್ರ, ಅಂದ್ರೆ 100%ಲಿ ಇಟ್ಟು ಫ್ಯಾಕ್ಟರ್ 1.5 ಮಾಡಿದ್ರೆ ಅಕ್ಷರ ದೊಡ್ಡ ಆಗ್ತದೆ, ಆದ್ರೆ ಐಕಾನ್, ಕ್ಲೋಸ್ ಬಟನ್ ಎಲ್ಲ ಸಣ್ಣದೇ ಉಳೀತದೆ, ಒತ್ಲಿಕ್ಕೆ ಸರ್ಕಸ್ ಮಾಡ್ಬೇಕು.

ಪ್ರೊಜೆಕ್ಟರಿಗೆ 'ಮಿರರ್' ಬೇಡ, ಅದು ಎರಡಕ್ಕೂ ಆಗುವ ಒಂದೇ ರೆಸಲ್ಯೂಷನ್ ಹುಡುಕಿ ಲ್ಯಾಪ್‌ಟಾಪನ್ನೂ ಇಳಿಸ್ತದೆ. 'ಜಾಯಿನ್ ಡಿಸ್ಪ್ಲೇಸ್' ಮಾಡಿ ಪ್ರೊಜೆಕ್ಟರಿಗೆ 100% ಕೊಡಿ, ಲ್ಯಾಪ್‌ಟಾಪ್ 200%ಲೇ ಇರ್ಲಿ. ಮತ್ತೆ ಪಾಠದ ಕಿಟಕಿಯನ್ನ ಮೌಸಲ್ಲಿ ಆಚೆ ಸ್ಕ್ರೀನಿಗೆ ಎಳೆದು ಬಿಟ್ರಾಯ್ತು, ಅಟೆಂಡೆನ್ಸ್ ಫೈಲ್ ಮಕ್ಕಳಿಗೆ ಕಾಣುದೂ ಇಲ್ಲ.